ತಟ್ಟಿ ನೋಡಿದ ಸಾಣೆಕಲ್ಲು

ಆ ಕಾರ್ಖಾನೆಯಲ್ಲಿ ಮೇಸ್ತ್ರಿಯ ಕಿವಿ ಅಂದರೆ ಕಾನೂನು. ಉಗ್ರಾಣದಿಂದ ಹೊಸ ಸಾಣೆಕಲ್ಲು ಬಂದರೆ ಅದನ್ನು ನೇರವಾಗಿ ಯಂತ್ರಕ್ಕೆ ಏರಿಸುವ ಹಾಗಿಲ್ಲ. ನಡುವಿನ ತೂತಿಗೆ ಬೆರಳು ತೂರಿಸಿ ಎತ್ತಿ ಹಿಡಿದು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ನಾಲ್ಕು ಕಡೆ ಮೆಲ್ಲಗೆ ತಟ್ಟಬೇಕು. ಕಲ್ಲು ಗಟ್ಟಿಯಾಗಿದ್ದರೆ ಟಿಣ್ ಅನ್ನುತ್ತದೆ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಡಬ್ ಅನ್ನುತ್ತದೆ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಕಲ್ಲಿನಲ್ಲಿ ಬಿರುಕಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೇಸ್ತ್ರಿ ತಟ್ಟಿ "ಹೂಂ, ಹಾಕು" ಅಂದರೆ ಹಾಕಬೇಕು, "ಬೇಡ" ಅಂದರೆ ಹಿಂದಕ್ಕೆ ಕಳಿಸಬೇಕು. ಮೂವತ್ತು ವರ್ಷದಿಂದ ಇದೇ ನಡೆದು ಬಂದಿತ್ತು.

ಇಂಥ ಕಿವಿ ಇದ್ದವನಿಗೆ ಜಂಬ ಇರದೆ ಇರುತ್ತದೆಯೇ? ಬೇಕಾದಷ್ಟಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಬೆನ್ನು ತಿರುಗಿಸಿ ನಿಂತು, "ಯಾವ ಕಲ್ಲು ಬೇಕಾದ್ರೂ ತಟ್ಟಿ" ಅಂದು, ಅದು ಎಷ್ಟು ಅಗಲದ್ದು, ಒರಟೋ ನಯವೋ ಅಂತ ಹೇಳಿ ಬಾಯಿ ಬಿಡಿಸುತ್ತಿದ್ದ. ಹಾಗೆ ಬಾಯಿ ಬಿಟ್ಟವರಲ್ಲಿ ಅವನ ಭಾಮೈದನೂ ಒಬ್ಬ. ಹೆಂಡತಿಯ ಒಬ್ಬನೇ ತಮ್ಮ. ಹದಿನೆಂಟಕ್ಕೆ ಸಾಣೆಯ ಕೆಲಸಕ್ಕೆ ಸೇರಿದವನಿಗೆ ಈಗ ಮೂವತ್ತೈದು. ಎರಡೂ ತುದಿ ಮೇಲಕ್ಕೆ ತಿರುವಿದ ದಪ್ಪ ಮೀಸೆ ಬಿಟ್ಟಿದ್ದರಿಂದ ಎಲ್ಲರ ಬಾಯಲ್ಲೂ ಅವನು ಮೀಸೆ. ಸ್ವಂತ ಅಕ್ಕನೂ ಹಾಗೇ ಕರೆಯುತ್ತಿದ್ದಳು.

ತನ್ನ ಕಿವಿ ಮಂದವಾಗಿದೆ ಅಂತ ಮೇಸ್ತ್ರಿಗೆ ತಿಳಿದು ಎರಡು ವರ್ಷವಾಗಿತ್ತು. ಪೂರ್ತಿ ಕಿವುಡೇನಲ್ಲ. ಲಾರಿ ಬಂದದ್ದು ಕೇಳಿಸುತ್ತಿತ್ತು, ಬಾಗಿಲು ಬಡಿದದ್ದು ಕೇಳಿಸುತ್ತಿತ್ತು. ಸಣ್ಣ ಸದ್ದು, ತೆಳು ಸದ್ದುಗಳೇ ಒಂದೊಂದಾಗಿ ಕಳಚಿಕೊಂಡವು. ಮೊದಲು ಗಡಿಯಾರದ ಅಲಾರಾಂ, ಆಮೇಲೆ ಫೋನಿನ ಗಂಟೆ, ಕೊನೆಗೆ ಕಲ್ಲಿನ ಟಿಣ್. ಒಂದು ಬೆಳಿಗ್ಗೆ ಆರು ಕಲ್ಲು ತಟ್ಟಿದ, ಆರೂ ಡಬ್ ಅಂದವು. ಪೂರ್ತಿ ಲೋಡೇ ಹಾಳು ಅಂತ ಬೈಯಲು ಬಾಯಿ ತೆರೆದವನು ಸುತ್ತ ನಿಂತವರ ಮುಖ ನೋಡಿದ. ಯಾರ ಮುಖದಲ್ಲೂ ಗಾಬರಿಯಿಲ್ಲ. ಕೆಟ್ಟಿರುವುದು ಕಲ್ಲಲ್ಲ ಅಂತ ಅರ್ಥವಾಗಿ ಬಾಯಿ ಮುಚ್ಚಿಕೊಂಡ.

ಅವತ್ತೇ ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಿವಿಯಿಂದ ಮೇಸ್ತ್ರಿಯಾದವನು ಕಿವಿಯಿಲ್ಲ ಅಂತ ಯಾವ ಬಾಯಲ್ಲಿ ಹೇಳುತ್ತಾನೆ? ಕಲ್ಲು ತಟ್ಟಿದಾಗ ಬೆರಳಿಗೆ ನಡುಕ ಬರುತ್ತದೆ, ಗಟ್ಟಿ ಕಲ್ಲಿನ ನಡುಕವೇ ಬೇರೆ, ಬಿರುಕಿನದೇ ಬೇರೆ ಅಂತ ತನಗೆ ತಾನೇ ಪಾಠ ಹೇಳಿಕೊಂಡ. ಆ ಬೆರಳಿನ ಮೇಲೆ ಭಾರ ಹಾಕಿ "ಹೂಂ, ಹಾಕು" ಅನ್ನುತ್ತಾ ಹೋದ. ವರ್ಷ ಕಳೆದರೂ ಒಂದು ಕಲ್ಲೂ ಒಡೆಯಲಿಲ್ಲ. ಕಿವಿಯಲ್ಲಿದ್ದ ವಿದ್ಯೆ ಬೆರಳಿಗೆ ಇಳಿದಿದೆ ಅಂತ ಒಳಗೊಳಗೇ ಬೀಗಿದ. ಇನ್ನು ಜನರ ಮಾತು. ತುಟಿ ನೋಡಿ ತಿಳಿದುಕೊಳ್ಳುವುದು ಯಾವಾಗ ಅಭ್ಯಾಸವಾಯಿತೋ ಅವನಿಗೇ ಗೊತ್ತಿಲ್ಲ. ಎದುರು ನಿಂತು ಆಡಿದ ಮಾತೆಲ್ಲ ತಿಳಿಯುತ್ತಿತ್ತು. ಬೆನ್ನ ಹಿಂದೆ ಆಡಿದ್ದು ಯಾರಿಗೆ ತಾನೆ ತಿಳಿಯುತ್ತದೆ ಅಂತ ಸಮಾಧಾನ ಮಾಡಿಕೊಂಡ.

ಹತ್ತು ತಿಂಗಳ ಹಿಂದೆ, ಒಂದು ಸೋಮವಾರ, ಮೀಸೆ ಹೊಸ ಕಲ್ಲು ತಂದ. ಅರ್ಜೆಂಟ್ ಕೆಲಸ. ಮೇಸ್ತ್ರಿ ಅವನ ಯಂತ್ರದ ಪಕ್ಕದಲ್ಲೇ ನಿಂತು ತಟ್ಟಿದ, "ಹೂಂ, ಹಾಕು" ಅಂದ, ಕೆಲಸ ಶುರುವಾಗುವುದನ್ನು ನೋಡೋಣ ಅಂತ ಅಲ್ಲೇ ನಿಂತ. ಮೀಸೆ ಕಲ್ಲು ಏರಿಸಿ, ಪದ್ಧತಿಯಂತೆ ಪಕ್ಕಕ್ಕೆ ಸರಿದು ಒಂದು ನಿಮಿಷ ಖಾಲಿ ಓಡಿಸಿದ. ಆಮೇಲೆ ಎದುರು ಬಂದು ಕಲ್ಲಿಗೆ ಕಬ್ಬಿಣ ಮುಟ್ಟಿಸಿದ. ಕಲ್ಲು ಮೂರು ಹೋಳಾಯಿತು. ಎರಡು ಹೋಳು ಯಂತ್ರದ ಮುಚ್ಚಳದೊಳಗೇ ಉಳಿದವು. ಕನ್ನಡಕ ಹಾಕಿದ್ದರಿಂದ ಕಣ್ಣೆರಡೂ ಉಳಿದವು. ಮೂಗು, ಮೇಲ್ದುಟಿ, ಕೆಳದುಟಿಯ ಮುಕ್ಕಾಲು, ಮೇಲಿನ ದವಡೆಯ ಮುಂಭಾಗ, ಹಲ್ಲು ಇವಿಷ್ಟೂ ಹೋದವು. ಮೀಸೆಯೂ ಹೋಯಿತು.

ಬದುಕಿದ್ದೇ ಹೆಚ್ಚು ಅಂದರು. ಎರಡು ವಾರದ ಮೇಲೆ ಕಾರ್ಖಾನೆಯ ವಿಚಾರಣೆಯವರು ಆಸ್ಪತ್ರೆಗೆ ಬಂದಾಗ, ಕುತ್ತಿಗೆಯಲ್ಲಿ ಉಸಿರಿನ ನಳಿಗೆ ಇಟ್ಟುಕೊಂಡು ಮಲಗಿದ್ದ ಮೀಸೆ ನೋಟ್‌ಬುಕ್ಕು ತರಿಸಿಕೊಂಡು ಮೊದಲು ಬರೆದದ್ದು ಇದು: "ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ. ನನ್ನದು ಮೀಸೆಯೇ ಇಲ್ಲ, ಮಣ್ಣಾಗುವ ಚಿಂತೆ ಇಲ್ಲ." ವಿಚಾರಣೆಯವರು ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದರು. ಅದರ ಕೆಳಗೆ ಅವನು ಬರೆದ: "ಕಲ್ಲನ್ನು ಮೇಸ್ತ್ರಿಗೆ ತೋರಿಸಲಿಲ್ಲ. ತಟ್ಟಿಸದೆ ನಾನೇ ಏರಿಸಿದೆ. ತಪ್ಪು ನನ್ನದು."

ಮೇಸ್ತ್ರಿ ಮಂಚದ ಆ ಬದಿಯಲ್ಲಿ ನಿಂತು ಅದನ್ನು ಓದಿದ. ಸುಳ್ಳು ಅಂತ ಅವನಿಗೆ ಗೊತ್ತು, ಬರೆದವನಿಗೂ ಗೊತ್ತು. ಮೂವತ್ತು ವರ್ಷದಲ್ಲಿ ಭಾವನಿಂದ ಒಂದೇ ಒಂದು ಎಡವಟ್ಟಾಯಿತು, ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಾನೆ, ದೊಡ್ಡ ಮನಸ್ಸಿನವನು ಅಂದುಕೊಂಡ. ವಿಚಾರಣೆಯವರು "ಸಾಕ್ಷಿಗೆ ನೀವೊಂದು ಸಹಿ ಹಾಕಿ" ಅಂದಾಗ ಸಹಿ ಹಾಕಿದ. ಕೈ ನಡುಗಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಅವನಿಗೆ ತನ್ನ ಕೈಯನ್ನು ಕಂಡರೆ ಆಗುವುದಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಎಮ್ಮೆ ತಾನಾಗೇ ಬಂದು ಬೆನ್ನು ಒಡ್ಡಿತ್ತು. ಎತ್ತು ಸುಮ್ಮನೆ ನಿಂತು ನೋಡಿತು.

ಮುಖದ ಡಾಕ್ಟರು ಹೆಂಗಸು, ಐವತ್ತರ ಆಸುಪಾಸು, ಸುತ್ತಿ ಬಳಸಿ ಮಾತಾಡುವವರಲ್ಲ. ಮೂರು ಸಲ ಕೊಯ್ದು ಹೊಲಿದರು. ತೊಡೆಯಿಂದ ಚರ್ಮ ಮಾಂಸ ಎತ್ತಿ ತಂದು, ಅದರ ರಕ್ತನಾಳವನ್ನು ಕುತ್ತಿಗೆಯ ನಾಳಕ್ಕೆ ಜೋಡಿಸಿ, ಮುಖದ ನಡುವಿದ್ದ ಗುಂಡಿ ಮುಚ್ಚಿದರು. ಕಾಲಿನ ಎಲುಬಿನ ತುಂಡಿನಿಂದ ದವಡೆ ಕಟ್ಟಿದರು. ಜೀವಕ್ಕೆ ಅಪಾಯ ಹೋಯಿತು. ಆದರೆ ತೊಡೆಯ ಚರ್ಮ ತೊಡೆಯ ಚರ್ಮವೇ. ಅದು ಅಲುಗುವುದಿಲ್ಲ, ಮುಚ್ಚುವುದಿಲ್ಲ, ತೆರೆಯುವುದಿಲ್ಲ. ಹಣೆ ಮತ್ತು ಕಣ್ಣು ಮೀಸೆಯವೇ. ಅದರ ಕೆಳಗೆ ಉಬ್ಬಿದ ಒಂದು ತೇಪೆ, ಎರಡು ಸಣ್ಣ ಉಸಿರಿನ ತೂತು, ಅದರ ಕೆಳಗೆ ಸದಾ ಒದ್ದೆಯಾಗಿರುವ ಒಂದು ಸೀಳು. ಎದೆಗೆ ಟವೆಲ್ ಕಟ್ಟಿಕೊಳ್ಳದೆ ಅವನು ಕೂರುವ ಹಾಗಿರಲಿಲ್ಲ.

ಮುಂದೇನು ಅಂತ ತಿಳಿಸಲು ಡಾಕ್ಟರು ಮೀಸೆ, ಅವನ ಅಕ್ಕ, ಮೇಸ್ತ್ರಿ ಮೂವರನ್ನೂ ಒಂದು ದಿನ ಕೂರಿಸಿಕೊಂಡರು. ಡ್ರೆಸ್ಸಿಂಗ್ ಕೋಣೆಯಾದ್ದರಿಂದ ಡಾಕ್ಟರಿಗೂ ನರ್ಸಿಗೂ ಬಾಯಿ ಮೇಲೆ ಮಾಸ್ಕು. ಮೇಸ್ತ್ರಿಗೆ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಗುಂಯ್‌ಗುಟ್ಟುವ ಸದ್ದು ಬರುತ್ತಿದೆ, ಮಾತು ಬರುತ್ತಿಲ್ಲ. ಹೆಂಡತಿ ತಲೆಯಾಡಿಸಿದಾಗ ತಾನೂ ಆಡಿಸಿದ, ಅವಳು ಹುಬ್ಬು ಗಂಟಿಕ್ಕಿದಾಗ ತಾನೂ ಗಂಟಿಕ್ಕಿದ. ನಡುವೆ ಡಾಕ್ಟರು ಅವನ ಕಡೆ ತಿರುಗಿ ಏನೋ ಕೇಳಿದರು. "ಹೂಂ, ಖಂಡಿತ" ಅಂದ. ಯಾವುದಕ್ಕೆ ಖಂಡಿತ ಅಂದೆನೋ ಎಂದು ಮನೆ ಮುಟ್ಟುವವರೆಗೂ ಬೆವತ.

ಮನೆಯಲ್ಲಿ ಹೆಂಡತಿ ಪಕ್ಕದ ಮನೆಯವಳಿಗೆ ಎಲ್ಲ ವಿವರಿಸುವಾಗ ಎದುರು ಕೂತು ಅವಳ ತುಟಿಯಿಂದ ವಿಷಯ ಸಂಗ್ರಹಿಸಿದ. ದಾರಿ ಮೂರಂತೆ. ಒಂದು, ಹೀಗೇ ಇನ್ನೂ ಏಳೆಂಟು ಸಲ ಕೊಯ್ದು, ಮುಂಗೈಯಿಂದಲೋ ಹಣೆಯಿಂದಲೋ ಚರ್ಮ ತಂದು ಮೂಗಿನಂಥದ್ದೊಂದು, ತುಟಿಯಂಥದ್ದೊಂದು ಮಾಡುವುದು. ನೋಡಲು ಸ್ವಲ್ಪ ಸುಧಾರಿಸುತ್ತದೆ, ತುಟಿ ಮುಚ್ಚುವುದಿಲ್ಲ. ಎರಡು, ಸಿಲಿಕಾನಿನ ಮುಖವಾಡದಂಥ ಮೂಗು ತುಟಿ. ಎಲುಬಿಗೆ ಅಯಸ್ಕಾಂತ ಕೂರಿಸಿದರೆ ಅದು ಟಪ್ ಅಂತ ಅಂಟಿಕೊಳ್ಳುತ್ತದೆ, ಮಲಗುವಾಗ ತೆಗೆದಿಡಬೇಕು. ಅದೂ ಅಲುಗುವುದಿಲ್ಲ. ಮೂರನೆಯದು ಮುಖ ಕಸಿ. ಸತ್ತವರೊಬ್ಬರ ಮುಖದ ಆ ಭಾಗವನ್ನು, ಅವರ ಮನೆಯವರು ಒಪ್ಪಿ ಕೊಟ್ಟರೆ, ನರ ಸ್ನಾಯು ಸಮೇತ ತಂದು ಜೋಡಿಸುವುದು. ನರ ಕೂಡಿಕೊಂಡರೆ ವರ್ಷದೊಳಗೆ ತುಟಿ ಅಲುಗಬಹುದು, ಮುಚ್ಚಬಹುದು.

"ಸತ್ತವರ ಥರಾನೇ ಕಾಣ್ತಾನಾ?" ಅಂತ ಪಕ್ಕದ ಮನೆಯವಳು ಕೇಳಿದಳು.

"ಇಲ್ವಂತೆ. ಒಳಗಿನ ಎಲುಬು ಇವನದೇ ಅಲ್ವಾ? ಅವರ ಥರಾನೂ ಅಲ್ಲ, ಮುಂಚಿನ ಇವನ ಥರಾನೂ ಅಲ್ಲ. ಮೂರನೆಯವರ ಥರ ಅಂದ್ರು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆದ್ರೆ ಬದುಕಿರೋ ತನಕ ಮಾತ್ರೆ. ದಿನಾ, ಗಂಟೆ ತಪ್ಪದ ಹಾಗೆ. ನಾಲ್ಕು ದಿನ ಬಿಟ್ರೆ ಮೈ ಆ ಮುಖಾನ ತಳ್ಳಿಬಿಡುತ್ತಂತೆ. ಮಾತ್ರೆಯಿಂದ ಕಿಡ್ನಿಗೆ ಕಷ್ಟ, ಸೋಂಕು ಬೇಗ ತಗಲುತ್ತೆ. ಅದಕ್ಕೇ ಎಲ್ಲರಿಗೂ ಮಾಡಲ್ಲ. ಶಿಸ್ತಿರೋ ಮನುಷ್ಯನಾ, ನೋಡಿಕೊಳ್ಳೋರು ಇದ್ದಾರಾ ಅಂತ ಒಂದು ಸಮಿತಿ ಕೂತು ತೀರ್ಮಾನ ಮಾಡುತ್ತೆ. ನೋಡಿಕೊಳ್ತೀರಾ ಅಂತ ಇವರನ್ನ ಕೇಳಿದ್ರು. ಖಂಡಿತ ಅಂದ್ರು, ಪುಣ್ಯ."

ಮೀಸೆ ಯಾವುದನ್ನು ಆರಿಸುತ್ತಾನೆ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಡಾಕ್ಟರು ಕೇಳಿದಾಗ ಅವನು ಬರೆದು ತೋರಿಸಿದ್ದನ್ನು ಅಕ್ಕ ಎಲ್ಲರಿಗೂ ಹೇಳಿಕೊಂಡು ಬಂದಳು: "ಲೋಟದಲ್ಲಿ ನೀರು ಕುಡಿಬೇಕು. ಅಷ್ಟೆ." ಹತ್ತು ತಿಂಗಳಿಂದ ಅವನು ನೀರನ್ನೂ ಗಂಜಿಯನ್ನೂ ಸಿರಿಂಜಿನಲ್ಲಿ ಗಂಟಲ ಹತ್ತಿರ ಬಿಟ್ಟುಕೊಳ್ಳುತ್ತಿದ್ದ. ಬಾಗಿಲು ಹಾಕಿಕೊಂಡು, ಒಬ್ಬನೇ.

ಆಸ್ಪತ್ರೆಯಿಂದ ಬಂದ ಮೇಲೆ ಅವನಿದ್ದದ್ದು ಮೇಸ್ತ್ರಿಯ ಮನೆಯ ಮುಂದಿನ ಕೋಣೆಯಲ್ಲಿ. ಮಾತು ಕಲಿಸುವವರು ಒಂದು ಕಟ್ಟುನಿಟ್ಟು ಹಾಕಿದ್ದರು. ಹೊರಗಿನವರ ಹತ್ತಿರ ಬೇಕಾದರೆ ಬರೆಯಲಿ, ಮನೆಯಲ್ಲಿ ನೋಟ್‌ಬುಕ್ಕು ಮುಟ್ಟಕೂಡದು, ಬಾಯಲ್ಲೇ ಆಡಬೇಕು, ಇಲ್ಲದಿದ್ದರೆ ನಾಲಿಗೆ ಪಳಗುವುದಿಲ್ಲ. ತುಟಿಯಿಲ್ಲದವನಿಗೆ ಪ ಇಲ್ಲ, ಬ ಇಲ್ಲ, ಮ ಇಲ್ಲ. "ಅಕ್ಕ" ಅನ್ನುವುದು ಮೊದಲ ವಾರವೇ ಸ್ಪಷ್ಟವಾಗಿ ಬಂತು, "ಭಾವ" ಇವತ್ತಿಗೂ ಬಂದಿಲ್ಲ. ಆದರೂ ಅಕ್ಕನಿಗೆ ತಿಂಗಳೊಳಗೆ ಅವನ ಮಾತೆಲ್ಲ ಅರ್ಥವಾಗತೊಡಗಿತು. ಒಳಗಿಂದ ಕೂಗಿದರೆ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದಳು. ಪಕ್ಕದ ಮನೆಯವಳಿಗೂ ಅರ್ಧಂಬರ್ಧ ತಿಳಿಯುತ್ತಿತ್ತು. ಮೇಸ್ತ್ರಿಗೆ ಮಾತ್ರ ಒಂದಕ್ಷರವೂ ತಿಳಿಯಲಿಲ್ಲ. ಓದಲು ಅಲ್ಲಿ ತುಟಿಯೇ ಇರಲಿಲ್ಲ.

ಹಾಗಾಗಿ ಅವನು ಆ ಕೋಣೆಗೆ ಹೋಗುವುದನ್ನೇ ಬಿಟ್ಟ. ಬೆಳಿಗ್ಗೆ ಬೇಗ ಹೊರಡುವನು, ಸಂಜೆ ತಡವಾಗಿ ಬರುವನು. ಎದುರೆದುರು ಸಿಕ್ಕಿಬಿದ್ದರೆ ನೆಲ ನೋಡುವನು, ಗೋಡೆ ನೋಡುವನು. ಮುಖ ನೋಡಿದರೆ ಮಾತು ಬರುತ್ತದೆ, ಮಾತು ಬಂದರೆ ಉತ್ತರ ಕೊಡಬೇಕು, ಉತ್ತರ ತಪ್ಪಿದರೆ ಕಿವಿಯ ಗುಟ್ಟು ರಟ್ಟಾಗುತ್ತದೆ. ಕಿವಿಯ ಗುಟ್ಟು ರಟ್ಟಾದರೆ ಆ ಕಲ್ಲಿನ ಗುಟ್ಟು ಎಷ್ಟು ಹೊತ್ತು ನಿಲ್ಲುತ್ತದೆ? ಮೀಸೆಯೂ ಅವನ ಹತ್ತಿರ ಬಾಯಿ ತೆರೆಯುತ್ತಿರಲಿಲ್ಲ. ಏನು ಬೇಕಾದರೂ ಕೈ ಮಾಡಿ ತೋರಿಸುತ್ತಿದ್ದ. ತನ್ನ ಮಾತಿನ ಬಗ್ಗೆ ಅವನಿಗೇ ನಾಚಿಕೆ ಇರಬೇಕು ಅಂದುಕೊಂಡು ಮೇಸ್ತ್ರಿ ಹಗುರಾದ.

ಒಂದು ಭಾನುವಾರ ಹೆಂಡತಿ ಅವನನ್ನು ಹಿತ್ತಿಲ ಬಾಗಿಲ ಹತ್ತಿರ ಅಡ್ಡ ಹಾಕಿದಳು.

"ರೀ, ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನನ್ನ ತಮ್ಮನ ಮುಖ ನೋಡೋಕೆ ನಿಮಗೆ ಅಸಹ್ಯಾನಾ?"

ಅವನು ಪಕ್ಕದಿಂದ ನುಸುಳಲು ನೋಡಿದ, ಅವಳು ಬಿಡಲಿಲ್ಲ.

"ಹತ್ತು ತಿಂಗಳಾಯ್ತು. ಒಂದು ಸಲ, ಒಂದೇ ಒಂದು ಸಲ ಅವನ ಎದುರು ಕೂತು ಮಾತಾಡಿಲ್ಲ ನೀವು. ನಿಮ್ಮ ಕೈ ಹಿಡಿದು ಕೆಲಸ ಕಲಿತವನು ಅವನು. ಅಸಹ್ಯಾನಾ ಹೇಳಿ."

ಎರಡು ಉತ್ತರ ಇದ್ದವು. ಒಂದು ನಿಜ. ಇನ್ನೊಂದನ್ನು ಹೇಳಿದರೆ ಅವನು ನೀಚ ಅನ್ನಿಸಿಕೊಳ್ಳುತ್ತಾನೆ, ಅಷ್ಟೆ. ಮೇಸ್ತ್ರಿ ನೀಚ ಅನ್ನಿಸಿಕೊಳ್ಳುವುದನ್ನೇ ಆರಿಸಿಕೊಂಡ.

"ಹೂಂ," ಅಂದ. "ನೋಡೋಕಾಗಲ್ಲ ಕಣೆ."

ಅವಳು ಕೂಗಾಡಲಿಲ್ಲ. ದಾರಿ ಬಿಟ್ಟು ಪಕ್ಕಕ್ಕೆ ನಿಂತಳು. ಅವತ್ತಿನಿಂದ ಅವನ ತಟ್ಟೆ ಬಡಿಸಿಟ್ಟು ಒಳಗೆ ಹೋಗುತ್ತಿದ್ದಳು. ಗಂಡ ಊಟ ಮಾಡುವಾಗ ಎದುರು ಕೂರುತ್ತಿದ್ದವಳು ಇಪ್ಪತ್ತಾರು ವರ್ಷದ ಮೇಲೆ ಕೂರುವುದನ್ನು ಬಿಟ್ಟಳು. ಅವನು ಒಬ್ಬನೇ ಕೂತು ತಿನ್ನುತ್ತಿದ್ದ.

ಸಮಿತಿ ಕೂತದ್ದು ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ, ಉದ್ದ ಮೇಜಿರುವ ಒಂದು ಕೋಣೆಯಲ್ಲಿ. ಆ ಕಡೆ ಏಳು ಜನ. ಮುಖದ ಡಾಕ್ಟರು, ಕಿಡ್ನಿಯ ಡಾಕ್ಟರು, ಮನಸ್ಸಿನ ಡಾಕ್ಟರು, ಇನ್ನೂ ಯಾರ್ಯಾರೋ. ಈ ಕಡೆ ಮೂವರು. ಮೀಸೆ ಹೊಸ ಅಂಗಿ ಹಾಕಿಕೊಂಡು, ಕೊರಳಿಗೆ ಬಿಳಿ ಟವೆಲ್ ಕಟ್ಟಿಕೊಂಡು, ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಇಲ್ಲಿ ಯಾರೂ ಮಾಸ್ಕು ಹಾಕಿರಲಿಲ್ಲ. ಮೇಸ್ತ್ರಿಗೆ ಎಲ್ಲರ ಮಾತೂ ತಿಳಿಯುತ್ತಿತ್ತು. ತಿಳಿಯದಿದ್ದರೇ ಚೆನ್ನಾಗಿತ್ತೇನೋ.

ಮುಖದ ಡಾಕ್ಟರು ಒಂದು ಹಾಳೆ ಎತ್ತಿಕೊಂಡರು. "ಮೈ ಒಪ್ಪುತ್ತೆ. ರಕ್ತ, ಎಲುಬು, ಕಿಡ್ನಿ ಎಲ್ಲ ಸರಿ ಇದೆ. ನಮ್ಮನ್ನ ತಡೀತಿರೋದು ಇದೊಂದೇ. ಕಾರ್ಖಾನೆಯ ವರದಿ. ತಟ್ಟಿಸದೆ ಕಲ್ಲು ಏರಿಸಿದ್ದು ಇವರದೇ ತಪ್ಪು ಅಂತ ಇವರೇ ಬರೆದು ಕೊಟ್ಟಿದ್ದಾರೆ."

ಮನಸ್ಸಿನ ಡಾಕ್ಟರು, ಬಕ್ಕತಲೆಯ ಸಾಧು ಮನುಷ್ಯ, ಮೀಸೆಯ ಕಡೆ ಬಾಗಿ ಹೇಳಿದರು: "ನೋಡಿ, ನಿಮ್ಮನ್ನ ಬೈಯೋಕೆ ಹೇಳ್ತಿಲ್ಲ. ಈ ಮುಖ ಉಳಿಯೋದು ದಿನಾ ಮಾಡೋ ಸಣ್ಣ ಕೆಲಸದಿಂದ. ಮಾತ್ರೆ, ಟೈಮು, ಕನ್ನಡಿ ಮುಂದೆ ನಿಂತು ಬಣ್ಣ ನೋಡೋದು. ಒಂದು ನಿಮಿಷದ ಪರೀಕ್ಷೆ ಬೇಡ ಅಂತ ಬಿಟ್ಟವರು ಮುಂದೆ ಮಾತ್ರೆ ಬಿಟ್ರೆ? ಇನ್ನೊಂದು ಮನೆಯವರು ತಮ್ಮ ಸತ್ತವರ ಮುಖ ಕೊಟ್ಟಿರ್ತಾರೆ. ಅದು ಕಪ್ಪಾಗಿ ಕೊಳೆತರೆ ನಿಮ್ಮ ಪ್ರಾಣಕ್ಕೂ ಸಂಚಕಾರ. ಅದಕ್ಕೇ ಹಿಂದೆ ಮುಂದೆ ನೋಡ್ತಿದ್ದೀವಿ."

ಮೀಸೆ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ: "ಮಾತ್ರೆ ತಪ್ಪಿಸುವುದಿಲ್ಲ."

"ನಂಬೋಕೆ ನಮಗೇನಾದ್ರೂ ಆಧಾರ ಬೇಕಲ್ವಾ?"

ಮೀಸೆ ಪೆನ್ನು ಹಿಡಿದ. ಅದರ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ.

ಅಕ್ಕನಿಗೆ ತಡೆಯಲಾಗಲಿಲ್ಲ. ತಮ್ಮನ ಕಡೆ ತಿರುಗಿ, ಏಳು ಜನರೆದುರೇ ಶುರುಮಾಡಿದಳು. "ಯಾಕೋ? ಒಂದು ಸಲ ತಟ್ಟಿಸಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು? ಪಕ್ಕದಲ್ಲೇ ಇದ್ರಲ್ಲೋ ನಿಮ್ಮ ಭಾವ! ನೂರು ಸಲ ಹೇಳಿದ್ದೆ, ಅವರನ್ನ ಕೇಳದೆ ಕಲ್ಲು ಮುಟ್ಟಬೇಡ ಅಂತ. ನಿನ್ನ ಕೈಯಾರೆ ನೀನೇ ಮುಖ ಕಳ್ಕೊಂಡೆ, ಈಗ ಕೊಡೋರು ಬಂದ್ರೆ ಅದನ್ನೂ ಕಳ್ಕೊಳ್ತಿದ್ದೀಯಲ್ಲೋ!" ಅಳುತ್ತಾ ಅವನ ತೋಳಿಗೆ ಎರಡೇಟು ಹಾಕಿದಳು. ಚಿಕ್ಕವನಿದ್ದಾಗ ಹಾಕುತ್ತಿದ್ದ ಏಟಿನ ಹಾಗೆ.

ಮೀಸೆ ಏಟು ತಿಂದು ತಲೆ ತಗ್ಗಿಸಿದ. ಹಣೆ ಕೆಂಪಾಯಿತು. ತಗ್ಗಿಸಿದ ತಲೆಯಿಂದ ಟವೆಲ್ ಮೇಲೆ ಜೊಲ್ಲು ಇಳಿಯಿತು, ಒರೆಸಿಕೊಂಡ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿಯ ಕೈ ತನಗೇ ಗೊತ್ತಿಲ್ಲದೆ ಕಿವಿಗೆ ಹೋಗಿತ್ತು. ಈ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಭೂಮಿ ಯಾವಾಗ ಯಾರಿಗೆ ಬಾಯಿ ಬಿಟ್ಟಿದೆ? ಬಾಯಿ ಬಿಡಬೇಕಾದವನು ತಾನೇ. ಅವನು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿದ್ದಿತು.

"ಅವನು ತಟ್ಟಿಸಿದ್ದ," ಅಂದ.

ಎಲ್ಲರೂ ತಿರುಗಿದರು.

"ಕಲ್ಲು ನನ್ನ ಹತ್ರ ತಂದಿದ್ದ. ನಾನೇ ತಟ್ಟಿದ್ದು. ಹಾಕು ಅಂದವನು ನಾನೇ. ನನಗೆ ಕಿವಿ ಕೇಳಿಸಲ್ಲ. ಎರಡು ವರ್ಷದಿಂದ ಕೇಳಿಸಲ್ಲ. ಬಿರುಕಿದ್ರೂ ಒಂದೇ, ಇಲ್ಲದಿದ್ರೂ ಒಂದೇ, ನನಗೆ ಎಲ್ಲಾ ಒಂದೇ ಸದ್ದು. ಯಾರಿಗೂ ಹೇಳಲಿಲ್ಲ. ತಪ್ಪು ನನ್ನ ಮೇಲೆ ಬರಬಾರದು ಅಂತ ಇವನು ಸುಳ್ಳು ಬರೆದ. ನಾನು ಸಹಿ ಹಾಕಿದೆ." ತನ್ನ ದನಿ ಎಷ್ಟು ಜೋರಾಗಿದೆ ಅಂತಲೂ ಅವನಿಗೆ ತಿಳಿಯುತ್ತಿರಲಿಲ್ಲ. "ನಿಮ್ಮ ಮಾತು ಈಗ ತಿಳೀತಿರೋದು ಬಾಯಿ ಕಾಣ್ತಿರೋದ್ರಿಂದ. ಅವತ್ತು ಮಾಸ್ಕಲ್ಲಿ ನೀವು ಕೇಳಿದ್ದು ಒಂದೂ ಕೇಳಿಸಲಿಲ್ಲ. ಖಂಡಿತ ಅಂದುಬಿಟ್ಟೆ. ಇವನ ಮಾತೂ ತಿಳಿಯಲ್ಲ. ಅಸಹ್ಯ ಅಂತ ನನ್ನ ಹೆಂಡತಿಗೆ ಹೇಳಿದೆ. ಅಸಹ್ಯ ಅಲ್ಲ."

ಹೆಂಡತಿಯ ಕಡೆ ನೋಡುವ ಧೈರ್ಯ ಬರಲಿಲ್ಲ. ಅವನು ಮೇಜಿನ ಅಂಚು ಹಿಡಿದುಕೊಂಡು ನಿಂತ. ಹತ್ತು ತಿಂಗಳಿಂದ ಕಟ್ಟಿಕೊಂಡಿದ್ದದ್ದು ಕಳಚಿತು, ಇನ್ನು ಇದಕ್ಕಿಂತ ಕೆಳಗೆ ಬೀಳುವುದಿಲ್ಲ ಅಂದುಕೊಂಡ.

ಅಷ್ಟರಲ್ಲಿ ಮೀಸೆ ಮಾತಾಡತೊಡಗಿದ. ಬರೆಯಲಿಲ್ಲ, ಬಾಯಲ್ಲೇ, ಭರಭರ. ಕೈ ಮೇಜಿನ ಮೇಲೆ ಬಡಿಯುತ್ತಿತ್ತು, ಎಂಜಲು ಸಿಡಿಯುತ್ತಿತ್ತು, ಕಣ್ಣಲ್ಲಿ ನೀರು. ಸಿಟ್ಟೋ ಸಂಕಟವೋ ಮೇಸ್ತ್ರಿಗೆ ತಿಳಿಯಲಿಲ್ಲ. ಹತ್ತು ತಿಂಗಳಲ್ಲಿ ಮೊದಲ ಸಲ ಅವನು ಆ ಮುಖವನ್ನು ನೇರವಾಗಿ ನೋಡಿದ. ಹೊಲಿಗೆಯ ಗೆರೆಗಳು, ಒದ್ದೆ ಸೀಳು, ಅದರೊಳಗೆ ಕಷ್ಟಪಟ್ಟು ಹೊರಳುವ ನಾಲಿಗೆ. ಎಷ್ಟು ನೋಡಿದರೂ ಒಂದು ಮಾತೂ ಸಿಗಲಿಲ್ಲ.

ಹೆಂಡತಿಗೆ ಸಿಕ್ಕಿತ್ತು. ಅವಳ ಅಳು ಅಲ್ಲೇ ನಿಂತುಹೋಯಿತು.

"ಏನಂದ?" ಅಂತ ಕೇಳಿದ.

ಅವಳು ತಮ್ಮನನ್ನು ನೋಡಿದಳು, ಗಂಡನನ್ನು ನೋಡಿದಳು, ಇಲ್ಲ ಅನ್ನುವಂತೆ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕನಿಕರವಿತ್ತು.

"ಏನಂದ ಅಂತ ಹೇಳೇ!"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇಸ್ತ್ರಿ ಮೀಸೆಯ ಮುಂದೆ ಮೊಣಕಾಲೂರಿ ಕೂತ. "ನನಗೆ ಕೇಳಿಸಲ್ಲ ಕಣೋ," ಅಂದ. "ಬರೆದು ಕೊಡು."

ಮೀಸೆ ಟವೆಲಿನಿಂದ ಎಂಜಲು ಒರೆಸಿಕೊಂಡ. ಆಮೇಲೆ ಪೆನ್ನು ತೆಗೆದುಕೊಂಡು ಬರೆದು, ಪುಟ ತಿರುಗಿಸಿ ಹಿಡಿದ.

"ನಿಮಗೆ ಕೇಳಿಸಲ್ಲ ಅಂತ ಎಲ್ಲರಿಗೂ ಗೊತ್ತು ಭಾವ. ನೀವು ತಟ್ಟಿ ಆಚೆ ಹೋದ ಮೇಲೆ ನಾವು ಪ್ರತಿ ಕಲ್ಲನ್ನೂ ಇನ್ನೊಂದು ಸಲ ತಟ್ಟುತ್ತಿದ್ದೆವು. ಬಿರುಕಿದ್ದದ್ದನ್ನು ನಿಮಗೆ ಗೊತ್ತಾಗದ ಹಾಗೆ ಹಿಂದಕ್ಕೆ ಕೊಡುತ್ತಿದ್ದೆವು. ನಾನೇ ಎಲ್ಲರಿಗೂ ಹೇಳಿಟ್ಟಿದ್ದೆ, ಒಂದನ್ನೂ ಬಿಡಬೇಡಿ ಅಂತ. ಅವತ್ತು ನೀವು ಪಕ್ಕದಲ್ಲೇ ನಿಂತುಬಿಟ್ಟಿರಿ. ಯಂತ್ರಗಳ ಸದ್ದಿನಲ್ಲಿ ನನಗೂ ಸರಿಯಾಗಿ ಕೇಳಿಸಿರಲಿಲ್ಲ. ನೀವು ಹೋಗಲಿ ಅಂತ ಕಾದೆ. ನೀವು ಹೋಗಲಿಲ್ಲ. ನಿಮ್ಮೆದುರು ಹೇಗೆ ತಟ್ಟಲಿ?"

ಮೇಸ್ತ್ರಿ ಎರಡು ಸಲ ಓದಿದ. ಅಕ್ಷರ ಕಲೆಸಿಕೊಂಡಿತು, ಕಣ್ಣೊರೆಸಿಕೊಂಡು ಮೂರನೇ ಸಲ ಓದಿದ.

"ಯಾವ ಕಾಲದಿಂದ?" ಅಂತ ಕೇಳಿದ.

ಮೀಸೆ ನಾಲ್ಕು ಬೆರಳು ತೋರಿಸಿದ.

"ನಾಲ್ಕು ತಿಂಗಳಾ?"

ಅಲ್ಲ ಅಂತ ತಲೆಯಾಡಿಸಿದ.

ನಾಲ್ಕು ವರ್ಷ. ತನಗೇ ಗೊತ್ತಾಗುವುದಕ್ಕೆ ಎರಡು ವರ್ಷ ಮೊದಲು. ಅಷ್ಟು ವರ್ಷ ದಿನಾ ಅವನು ಎದೆಯುಬ್ಬಿಸಿಕೊಂಡು ತಟ್ಟಿ, ಹಾಕು ಅಂದು, ಕೈ ಹಿಂದೆ ಕಟ್ಟಿಕೊಂಡು ಮುಂದಿನ ಯಂತ್ರಕ್ಕೆ ನಡೆದಿದ್ದ, ಬೆನ್ನ ಹಿಂದೆ ಹನ್ನೆರಡು ಜನ ಕಲ್ಲು ಎತ್ತಿ ತಟ್ಟಿ ನೋಡುತ್ತಿದ್ದರು. ಒಬ್ಬನಾದರೂ ಆಡಿಕೊಂಡು ನಗಲಿಲ್ಲ, ಒಬ್ಬನಾದರೂ ಬಾಯಿ ತಪ್ಪಿ ಆಡಲಿಲ್ಲ. ಬೆರಳಿಗೆ ಇಳಿದ ವಿದ್ಯೆಯಂತೆ! ಇಷ್ಟು ದಿನ ನಾಚಿಕೆ ಅಂದರೆ ಏನು ಅಂತ ತನಗೆ ಗೊತ್ತಿದೆ ಅಂದುಕೊಂಡಿದ್ದ. ಗೊತ್ತಿರಲಿಲ್ಲ. ತನ್ನ ಮರ್ಯಾದೆ ಹೋಗಬಾರದು ಅಂತ ಒಬ್ಬ ಮನುಷ್ಯ ಬಿರುಕು ಇದ್ದಿರಬಹುದಾದ ಕಲ್ಲಿನ ಎದುರು ಮುಖ ಒಡ್ಡಿ ನಿಂತಿದ್ದ, ತಾನು ಅದರ ಪಕ್ಕದಲ್ಲೇ ಕೆಲಸ ಯಾಕೆ ತಡ ಅಂತ ಕಾಯುತ್ತಿದ್ದ.

ಮುಖದ ಡಾಕ್ಟರು ಮೇಜಿನ ಆಚೆಯಿಂದ ಏನೋ ಕೇಳಿದರು. ಅವನ ಬೆನ್ನು ಆ ಕಡೆಗಿತ್ತು. ಹೆಂಡತಿ ಅವನ ಭುಜ ಮುಟ್ಟಿ ತಿರುಗಿಸಿದಳು.

"ಅವರು ಏನು ಬರೆದಿದ್ದಾರೆ ಅಂತ ಕೇಳಿದೆ," ಅಂದರು ಡಾಕ್ಟರು, ಈ ಸಲ ಒಂದೊಂದೇ ಮಾತು ಬಿಡಿಸಿ.

ಮೀಸೆ ತಕ್ಷಣ ನೋಟ್‌ಬುಕ್ಕು ಮುಚ್ಚಿ ಎದೆಗೆ ಒತ್ತಿಕೊಂಡ. ಕಣ್ಣಲ್ಲೇ ಬೇಡ ಬೇಡ ಅಂದ. ಆ ಮಾತಿಗೆ ತುಟಿ ಬೇಕಾಗಿರಲಿಲ್ಲ, ಮೇಸ್ತ್ರಿಗೆ ತಿಳಿಯಿತು. ಈಗಲೂ, ಇಲ್ಲೂ, ಅವನು ಭಾವನ ಮರ್ಯಾದೆ ಕಾಯುತ್ತಿದ್ದ.

ಮೇಸ್ತ್ರಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಟ್‌ಬುಕ್ಕು ತೆಗೆದುಕೊಂಡ. ಆ ಪುಟ ತೆರೆದು ಮೇಜಿನ ನಡುವೆ ಇಟ್ಟ.

"ನಂಬೋಕೆ ಆಧಾರ ಬೇಕು ಅಂದ್ರಲ್ಲ. ಒಂದು ಕಲ್ಲನ್ನೂ ತಟ್ಟದೆ ಬಿಡದವನು ಇವನು. ಓದಿ," ಅಂದ. "ಜೋರಾಗಿ ಓದಿ. ಎಲ್ಲರಿಗೂ ಕೇಳಿಸಲಿ."

ಮುಖದ ಡಾಕ್ಟರು ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಓದತೊಡಗಿದರು. ಮೇಸ್ತ್ರಿ ನಿಂತಲ್ಲೇ ನಿಂತು, ಎಲ್ಲೂ ಕಣ್ಣು ತಪ್ಪಿಸದೆ, ಕೊನೆಯ ಮಾತಿನವರೆಗೂ ಅವರ ತುಟಿಯನ್ನೇ ನೋಡಿದ.